ಸುಕ್ಕು ಕಾಣುವ ಕ್ಯಾಮೆರಾ

ಜೇಬಿನಲ್ಲಿ ಫೋನಿದೆ, ಬ್ಯಾಗಿನಲ್ಲಿ ಮಿರರ್‌ಲೆಸ್ ಇದೆ. ಇಷ್ಟಿದ್ದೂ ಒಂದು ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾ ಬೇಕಾ? ಬೆಂಗಳೂರಲ್ಲಿ ಕೆಲಸ ಮಾಡುವ, ಬ್ಯಾಡಗಿ ಕಡೆಯ ಗೆಳೆಯನೊಬ್ಬ ಎರಡು ತಿಂಗಳಿಂದ ಈ ಪ್ರಶ್ನೆ ಹಿಡ್ಕೊಂಡು ಕೂತಿದ್ದಾನೆ. ಒಳ್ಳೆಯ ಹೊಸ ಕಾಂಪ್ಯಾಕ್ಟ್ ಅಂದ್ರೆ ಲಕ್ಷದ ಆಸುಪಾಸಿನ ಮಾತು. ಅವನು ನೋಡುವ ರಿವ್ಯೂಗಳಲ್ಲೆಲ್ಲ ಟೋಕಿಯೋ ಬೀದಿಯ ನಿಯಾನ್ ದೀಪಗಳೇ. ಆದರೆ ಈ ಮಹಾನುಭಾವ ಕ್ಯಾಮೆರಾ ಹೊರಗೆ ತೆಗೆಯೋದು ಊರಿಗೆ ಹೋದಾಗ ಮಾತ್ರ. ಹಾಗಾಗಿ ಪರೀಕ್ಷೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲೇ ಆಗಬೇಕು.

ಹೆಚ್ಚುವರಿ ಕ್ಯಾಮೆರಾ ವಿಷಯದಲ್ಲಿ ನಾನು ಕೇಳೋದು ಒಂದೇ: ಈಗಿರುವ ಎರಡರಿಂದ ಆಗದ ಯಾವ ಫೋಟೋ ಇದರಿಂದ ಆಗುತ್ತೆ? "ಹಗುರ ಇದೆ", "ಚೆಂದ ಇದೆ" ಅನ್ನೋದು ಉತ್ತರ ಅಲ್ಲ. ಚೆಂದ ಇರೋ ವಸ್ತುಗಳು ಕಪಾಟಿನಲ್ಲಿ ಬೇಕಾದಷ್ಟಿವೆ. 2010ರಲ್ಲಿ ಜಗತ್ತಿಗೆ 10 ಕೋಟಿಗೂ ಹೆಚ್ಚು ಕಾಂಪ್ಯಾಕ್ಟ್‌ಗಳು ಬಂದವು, 2023ರ ಹೊತ್ತಿಗೆ ಅದು ವರ್ಷಕ್ಕೆ 20 ಲಕ್ಷಕ್ಕೂ ಕೆಳಗಿಳಿದಿತ್ತು. ಅಗ್ಗದವನ್ನೆಲ್ಲ ಫೋನು ನುಂಗಿತು, ದುಬಾರಿಯವು ಉಳಿದವು. ಉಳಿದವುಗಳ ದೊಡ್ಡ ಹೆಗ್ಗಳಿಕೆ ಒಂದು ಇಂಚಿನ ಸೆನ್ಸರ್. ಹೆಸರಿಗೆ ಒಂದು ಇಂಚು, ಅಳೆದರೆ 13.2 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ. ಅಷ್ಟೇ ದೊಡ್ಡ ಸೆನ್ಸರ್ ಇರುವ ಫೋನುಗಳು ಬಂದ ಮೇಲೆ ಆ ಹೆಗ್ಗಳಿಕೆಯೂ ಅರ್ಧ ಇಳಿದಿದೆ.

ರಾಣೆಬೆನ್ನೂರಿನ ವಿಷಯ ಬೇಗ ಮುಗಿಯುತ್ತೆ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ. ನೀಲಗಿರಿ ಸಾಲುಗಳ ನಡುವೆ ಹಿಂಡು ಕಾಣಿಸ್ತದೆ, ನೀವು ಒಂದು ಹೆಜ್ಜೆ ಮುಂದಿಟ್ಟರೆ ಅದು ನೂರು ಹೆಜ್ಜೆ ಹಿಂದೆ. ಜೇಬಿಗೆ ಹಿಡಿಸುವ ಜೂಮ್ ಕಾಂಪ್ಯಾಕ್ಟ್‌ಗಳಲ್ಲಿ ಒಳ್ಳೆಯದೆನಿಸಿದ ಸೋನಿ ಆರ್‌ಎಕ್ಸ್100ರ ಏಳನೇ ಮಾದರಿ 200 ಮಿ.ಮೀ.ಗೆ ನಿಲ್ಲುತ್ತೆ. ಅದರಲ್ಲಿ ಕೃಷ್ಣಮೃಗ ಹುಲ್ಲಿನ ಮೇಲೆ ಬಿದ್ದ ಎಳ್ಳುಕಾಳು. 3000 ಮಿ.ಮೀ.ವರೆಗೆ ಎಳೆಯುವ ನಿಕಾನ್ ಪಿ1000 ಇದೆ, ಆದರೆ ಅದರ ತೂಕ 1.4 ಕಿಲೋ. ಅದನ್ನ ಕಾಂಪ್ಯಾಕ್ಟ್ ಅಂತ ಕರೆಯೋದಾದ್ರೆ ಜೋಳದ ಚೀಲವನ್ನ ಪರ್ಸ್ ಅನ್ನಬಹುದು. ಇಲ್ಲಿ ಮಿರರ್‌ಲೆಸ್ಸಿಗೇ ಉದ್ದನೆಯ ಲೆನ್ಸು ಬಾಡಿಗೆಗೆ ತರೋದು ವಾಸಿ.

ಹಾವೇರಿಯ ಸಿದ್ಧೇಶ್ವರ ಗುಡಿಯಲ್ಲಿ ಫೋನಿಗೇ ಗೆಲುವು. ಚಾಲುಕ್ಯರ ಕಾಲದ ಈ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಸಂಜೆ ಬಿಸಿಲಿಗೆ ಮುಂಭಾಗ ಬೆಳಗುತ್ತೆ, ಒಳಗೆ ಮಾತ್ರ ಕತ್ತಲು. ಫೋನು ಕತ್ತಲಲ್ಲಿ ಹತ್ತಾರು ಚಿತ್ರ ತೆಗೆದು ಒಂದರ ಮೇಲೊಂದು ಕೂರಿಸಿ ಒಂದು ಮಾಡುತ್ತೆ. ಎದುರಿಗಿರೋದು ಅಲುಗಾಡಿದರೆ ಈ ಉಪಾಯ ಕೆಡ್ತದೆ. ಗುಡಿಯ ಕಂಬ ಸುಮಾರು ಒಂಬೈನೂರು ವರ್ಷದಿಂದ ಅಲುಗಾಡಿಲ್ಲ.

ಇನ್ನು ಬ್ಯಾಡಗಿ. ಗೆಳೆಯನ ಪ್ರಶ್ನೆಯ ನಿಜವಾದ ಊರು ಇದೇ. ಅವನ ಅವ್ವ ವರ್ಷಾನುಗಟ್ಟಲೆಯಿಂದ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗ್ತಾರೆ. ಈ ಸೀಸನ್ ಮುಗಿದ ಮೇಲೆ ಬಿಡಿಸಿ ಬೆಂಗಳೂರಿಗೆ ಕರ್ಕೊಂಡು ಬರ್ತಾನಂತೆ. ಅಷ್ಟರೊಳಗೆ ಅವ್ವ ಕೆಲಸ ಮಾಡುವ ನಾಲ್ಕು ಒಳ್ಳೆಯ ಫೋಟೋ ಬೇಕು, ಅಷ್ಟೇ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ, ಮೈತುಂಬ ಸುಕ್ಕು. ಆ ಸುಕ್ಕೇ ಅದರ ಗುರುತು. ಕ್ಯಾಮೆರಾಗಳಿಗೆ ಕಷ್ಟ ಕೊಡೋದೂ ಅದೇ. ಸೆನ್ಸರಿನ ಚುಕ್ಕೆಗಳಲ್ಲಿ ಅರ್ಧ ಹಸಿರಿಗೆ ಮೀಸಲು, ಕೆಂಪಿಗೆ ಸಿಗೋದು ನಾಲ್ಕನೇ ಒಂದು ಭಾಗ. ಬಿಸಿಲಲ್ಲಿ ಹರಡಿದ ರಾಶಿ ತೆಗೆದ್ರೆ ಕೆಂಪು ತುಂಬಿ ತುಳುಕಿ, ಸುಕ್ಕೆಲ್ಲ ಅಳಿಸಿ, ಕುಂಕುಮ ಚೆಲ್ಲಿದ ಹಾಗೆ ಕಾಣ್ತದೆ. ಮೇಲಿಂದ ಫೋನಿನ ಸಾಫ್ಟ್‌ವೇರು ಸಣ್ಣ ಗೆರೆಗಳನ್ನ ಕಸ ಅಂದ್ಕೊಂಡು ಗುಡಿಸಿಹಾಕುತ್ತೆ. ಮೆಣಸಿನಕಾಯಿಗೆ ಮಾಡಿದ್ದನ್ನೇ ಅವ್ವನ ಮುಖಕ್ಕೂ ಮಾಡುತ್ತೆ. ಗೆಳೆಯ ಕಳಿಸಿದ ಒಂದು ಫೋಟೋದಲ್ಲಿ ಅವರು ಮಗನಿಗಿಂತ ಚಿಕ್ಕವರಾಗಿ ಕಾಣ್ತಿದ್ರು.

ಇದಕ್ಕೆ ಹೊಸ ಕ್ಯಾಮೆರಾನೇ ಬೇಕಂತಿಲ್ಲ. ಬೆಳಕು ಒಂದು ಸ್ಟಾಪ್ ಇಳಿಸಿ, ರಾ ಫೈಲ್ ತೆಗೆದು, ಆಮೇಲೆ ಸರಿಮಾಡ್ಕೊಂಡ್ರೆ ಮಿರರ್‌ಲೆಸ್ಸಿನಲ್ಲಿ ಸುಕ್ಕು ಬಂದೇ ಬರುತ್ತೆ. ಅಲ್ಲಿ ತೊಂದರೆ ಬೇರೆ. ದೊಡ್ಡ ಲೆನ್ಸ್ ಕಂಡ ಕೂಡಲೇ ಅವ್ವ ಸೆರಗು ಸರಿಮಾಡ್ಕೊಂಡು ಕೈ ನಿಲ್ಲಿಸಿಬಿಡ್ತಾರೆ. ಪಕ್ಕದವರು "ಯಾವ ಪೇಪರ್‌ನಾವಪ್ಪಾ ನೀ?" ಅಂತಾರೆ. 2024ರ ಮಾರ್ಚ್‌ನಲ್ಲಿ ದರ ಕುಸಿದು ರೈತರು ಸಿಟ್ಟಿಗೆದ್ದು ವಾಹನಗಳಿಗೆ ಬೆಂಕಿ ಬಿದ್ದ ಮಾರುಕಟ್ಟೆ ಇದು, ಕೇಳೋದು ಸಹಜ. ಫೋನ್ ಎತ್ತಿದ್ರೆ ಅವ್ವ ವಿಡಿಯೋ ಕಾಲ್ ಅಂದ್ಕೊಂಡು "ಕೂಸು ಎದ್ದೈತೇನೋ?" ಅಂತ ಮಾತಿಗೆ ಶುರುಮಾಡ್ತಾರೆ. ಎರಡರಲ್ಲೂ ಕೆಲಸ ನಿಂತುಹೋಗ್ತದೆ. ತೆಗೀಬೇಕಾಗಿದ್ದೇ ಕೆಲಸ.

ಕಾಂಪ್ಯಾಕ್ಟು ಗೆಲ್ಲೋದು ಈ ಒಂದು ಜಾಗದಲ್ಲಿ. ಅಂಗೈಯೊಳಗೆ ಅಡಗುತ್ತೆ, ಶಟರ್ ಲೆನ್ಸಿನೊಳಗೇ ಇರೋದರಿಂದ ಸದ್ದು ಇಲ್ಲವೆನ್ನುವಷ್ಟು ಕಡಿಮೆ. ನೆರಳಿನಲ್ಲಿ ಪಟಪಟ ಓಡುವ ಬೆರಳುಗಳನ್ನ, ಚಿತ್ರಗಳನ್ನ ಒಟ್ಟುಗೂಡಿಸುವ ಗೋಜಿಲ್ಲದೆ, ಒಂದೇ ಏಟಿಗೆ ಹಿಡಿಯುತ್ತೆ. ಇಟ್ಕೊಂಡು ಕೂತವನನ್ನ ಹತ್ತು ನಿಮಿಷದಲ್ಲಿ ಎಲ್ಲರೂ ಮರೀತಾರೆ. ಕದ್ದು ತೆಗೀಬೇಕು ಅಂತಲ್ಲ, ಪಕ್ಕದಲ್ಲಿರೋ ಹೆಣ್ಣುಮಕ್ಕಳನ್ನ ಕೇಳಿಯೇ ತೆಗೀಬೇಕು. ಒಪ್ಪಿದ ಮೇಲೂ ಅವರು ನೆಟ್ಟಗೆ ಕೂತು ಪೋಸ್ ಕೊಡೋ ಹಾಗೆ ಆಗಬಾರದು, ಅಷ್ಟೇ.

ಕೆಡುಕೂ ಇಲ್ಲಿಯದೇ. ಆನ್ ಮಾಡಿದಾಗ ಹೊರಗೆ ಬರುವ, ಆಫ್ ಮಾಡಿದಾಗ ಒಳಗೆ ಹೋಗುವ ಆ ಲೆನ್ಸು ಸೈಕಲ್ ಪಂಪಿನ ಹಾಗೆ ಧೂಳು ಎಳ್ಕೊಳ್ತದೆ. ಬ್ಯಾಡಗಿಯ ಘಾಟು ಗೊತ್ತಲ್ಲ, ರಾಶಿ ಕೆದಕಿದರೆ ಊರೇ ಸೀನುತ್ತೆ. ಮಿರರ್‌ಲೆಸ್ ಆದ್ರೆ ಲೆನ್ಸ್ ಬಿಚ್ಚಿ ಸೆನ್ಸರ್ ಒರೆಸಬಹುದು. ಇದನ್ನ ಸರ್ವಿಸ್‌ನವರೇ ಬಿಚ್ಚಬೇಕು. ಲಕ್ಷ ರೂಪಾಯಿಯ ಹೊಸ ಸಾಮಾನನ್ನ ಆ ಧೂಳಿಗೆ ಒಯ್ಯೋಕೆ ನನ್ನ ಮನಸ್ಸು ಒಪ್ಪಲ್ಲ.

ಹಾಗಾಗಿ ಗೆಳೆಯನಿಗೆ ಹೇಳಿದ್ದು: ತಗೋ, ಆದರೆ ಹೊಸದು ಬೇಡ. 2012ರಲ್ಲಿ ಬಂದ ಮೊದಲ ಆರ್‌ಎಕ್ಸ್100ರಲ್ಲೂ ಅದೇ ಒಂದು ಇಂಚಿನ ಸೆನ್ಸರ್ ಇದೆ, ರಾ ಫೈಲ್ ಕೊಡುತ್ತೆ, 100 ಮಿ.ಮೀ.ವರೆಗೆ ಜೂಮ್ ಇದೆ, ಒಂದು ಮುಖಕ್ಕೆ, ಎರಡು ಕೈಗೆ ಸಾಕು. ಸೆಕೆಂಡ್ ಹ್ಯಾಂಡ್ ಹುಡುಕು. ದುಡ್ಡು ಕೊಡೋ ಮೊದಲು ಬಿಳಿ ಗೋಡೆಯನ್ನ ಎಫ್11ರಲ್ಲಿ ತೆಗೆದು ನೋಡು, ಕಪ್ಪು ಚುಕ್ಕೆ ಕಂಡ್ರೆ ವಾಪಸ್ ಕೊಡು. ಹೋದ ಕೂಡಲೇ ಒಮ್ಮೆ ಆನ್ ಮಾಡಿ ಹಾಗೇ ಬಿಡು, ಸಾರಿ ಸಾರಿಗೂ ಲೆನ್ಸ್ ಒಳಗೆ ಹೊರಗೆ ಆಡಿಸಬೇಡ. ಮೊದಲ ಹತ್ತು ನಿಮಿಷ ಏನೂ ತೆಗೀಬೇಡ, ಅವ್ವನ ಪಕ್ಕ ಕೂತು ನೀನೂ ಎರಡು ಬೊಗಸೆ ತೊಟ್ಟು ಬಿಡಿಸು. ಆಮೇಲೆ ಕೈ ತೊಳ್ಕೊ. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡ್ರೆ ಯಾವ ಕ್ಯಾಮೆರಾ ಇದ್ದೂ ಏನೂ ಕಾಣಲ್ಲ.