ಪಂಚಮವಿಲ್ಲದ ಪೆಟ್ಟಿಗೆ

ಅಟಾರಿ ಪಂಕ್ ಕನ್ಸೋಲ್ ಎಂಬ ಹೆಸರು ಕೇಳಿ ಏನೋ ಭಾರಿ ಯಂತ್ರವಿರಬೇಕು ಅಂದುಕೊಂಡವರು ಕಿಟ್‌ನ ಪೊಟ್ಟಣ ಬಿಚ್ಚಿದಾಗ ಕೊಂಚ ಪೆಚ್ಚಾಗುತ್ತಾರೆ. ಅಂಗೈಗಿಂತ ಚಿಕ್ಕ ಪಿಸಿಬಿ, ಹದಿನಾಲ್ಕು ಕಾಲಿನ ಒಂದು 556 ಐಸಿ, ಬೆರಳೆಣಿಕೆಯ ರೆಸಿಸ್ಟರು, ಕೆಪಾಸಿಟರು, ತಿರುಗಿಸಲು ಎರಡು ಪಾಟ್, ಪುಟ್ಟದೊಂದು ಸ್ಪೀಕರು, 9 ವೋಲ್ಟ್ ಬ್ಯಾಟರಿಯ ಕ್ಲಿಪ್ಪು. ಇಷ್ಟೇ. ಅಮೆರಿಕದ ಫಾರೆಸ್ಟ್ ಮಿಮ್ಸ್ ಅವರು ರೇಡಿಯೊ ಶ್ಯಾಕ್ ಅಂಗಡಿಗಳಿಗಾಗಿ ಗ್ರಾಫ್ ಹಾಳೆಯ ಮೇಲೆ ತಮ್ಮದೇ ಕೈಬರಹದಲ್ಲಿ ಬರೆದುಕೊಟ್ಟ ಟಿಪ್ಪಣಿ ಪುಸ್ತಕಗಳ ಮೂಲಕ 1980ರ ದಶಕದಲ್ಲಿ ಹರಡಿದ ಸರ್ಕ್ಯೂಟ್ ಇದು. ಅವರು ಇಟ್ಟಿದ್ದು ‘ಸ್ಟೆಪ್ಡ್ ಟೋನ್ ಜನರೇಟರ್’ ಎಂಬ ಸಾದಾ ಹೆಸರು. ಅಟಾರಿ, ಪಂಕ್ ಇತ್ಯಾದಿ ಆಮೇಲೆ ಬಂದವರು ಹಚ್ಚಿದ ಬಣ್ಣ.

ವಾದ್ಯವಾಗಿ ಇದು ನನಗೆ ಬಹಳ ಇಷ್ಟ. ಕಿಟ್ ಆಗಿ ಅಷ್ಟಾಗಿ ಇಲ್ಲ.

ಇಂಥ ಕಿಟ್‌ಗಳ ಜಾಹೀರಾತುಗಳು ಮಾರುವುದು ಬೆಸುಗೆ ಹಾಕುವ ಸುಖವನ್ನು. ಆ ಸುಖ ಸುಳ್ಳಲ್ಲ. ಕಾದ ಐರನ್ನಿನ ತುದಿಯನ್ನು ಪ್ಯಾಡಿಗೂ ಕಾಲಿಗೂ ಒಟ್ಟಿಗೆ ತಾಗಿಸಿ, ಒಂದೆರಡು ಸೆಕೆಂಡು ತಡೆದು, ಸೋಲ್ಡರ್ ತಂತಿಯನ್ನು ಆ ಬಿಸಿಯಾದ ಜಾಗಕ್ಕೇ ಮುಟ್ಟಿಸಿದರೆ ಲೋಹ ತಾನಾಗಿ ಹರಿದು ಕಾಲನ್ನು ಸುತ್ತಿಕೊಳ್ಳುತ್ತದೆ. ತವರ 63, ಸೀಸ 37 ಪಾಲಿನ ತಂತಿ 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ. 60-40ರ ತಂತಿ ಆರುವಾಗ ಕೆಲವು ಡಿಗ್ರಿಗಳಷ್ಟು ಕಾಲ ಅರೆಗಟ್ಟಿಯಾಗಿ ಉಳಿಯುತ್ತದೆ. ಆ ಗಳಿಗೆಯಲ್ಲಿ ಕೈ ಅಲ್ಲಾಡಿದರೆ ಬೆಸುಗೆ ಮಂಕಾಗಿ, ನೋಡಲು ಹಿಡಿದಂತಿದ್ದರೂ ಹಿಡಿದಿರುವುದಿಲ್ಲ. ಟಿವಿ ರಿಪೇರಿಯವರು ‘ಡ್ರೈ ಸೋಲ್ಡರ್ ಆಗಿದೆ’ ಅನ್ನುವುದು ಇಂಥದ್ದಕ್ಕೇ. ಸೀಸವಿಲ್ಲದ ತಂತಿಗೆ ಇನ್ನೂ ಮೂವತ್ತು-ಮೂವತ್ತೈದು ಡಿಗ್ರಿ ಹೆಚ್ಚು ಶಾಖ ಬೇಕು. ರಾಳದ ಫ್ಲಕ್ಸ್‌ನ ಹೊಗೆಗೆ ಪರಿಮಳವೇನೋ ಇದೆ, ಆದರೆ ದಿನವೂ ಕುಡಿದರೆ ಉಬ್ಬಸ ಹತ್ತಿಕೊಳ್ಳಬಹುದು. ಕಿಟಕಿ ತೆರೆದು ಕೂರುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದರೂ ಇದು ಒಂದು ಸಂಜೆಯಲ್ಲಿ ಕೈಗೆ ಹತ್ತುವ ವಿದ್ಯೆ. ಪಿಸಿಬಿಯ ಮೇಲೆ ಆರ್1, ಆರ್2, ಸಿ1 ಎಂದು ಅಚ್ಚು ಹಾಕಿರುತ್ತಾರೆ. ಪೊಟ್ಟಣದಿಂದ ಕಂದು-ಕಪ್ಪು-ಕೆಂಪು ಪಟ್ಟೆಯ ರೆಸಿಸ್ಟರ್ ಹುಡುಕಿ ತೂತಿಗೆ ತೂರಿಸಿದರಾಯಿತು. ಅದು 1 ಕಿಲೊ ಓಮ್ ಏಕೆ, 10 ಏಕಲ್ಲ ಎಂದು ಯಾರೂ ಕೇಳುವುದಿಲ್ಲ. ಚುಕ್ಕಿ ಇಟ್ಟು ಗೆರೆಯನ್ನೂ ಎಳೆದುಕೊಟ್ಟ ರಂಗೋಲಿಗೆ ಬಣ್ಣ ತುಂಬಿ ‘ನಾನೇ ಹಾಕಿದ್ದು’ ಅಂದ ಹಾಗೆ. ಅದೇ ಸರ್ಕ್ಯೂಟನ್ನು ಜೀರೊ ಪಿಸಿಬಿಯ ಮೇಲೆ ನಕ್ಷೆ ನೋಡಿಕೊಂಡು ಕಟ್ಟುವವರು ಯಾವ ತಂತಿ ಎಲ್ಲಿಗೆ ಹೋಗಬೇಕೆಂದು ತಾವೇ ತೀರ್ಮಾನಿಸಬೇಕು. ಬಿಡಿಭಾಗಗಳೂ ದುಬಾರಿಯಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 556 ಸಿಗದಿದ್ದರೆ ಎರಡು 555 ತಂದರೂ ಸಾಕು, ಒಳಗಿರುವುದು ಅದೇ.

ಕಿಟ್‌ಗಳಲ್ಲೂ ತರತಮವಿದೆ. ಪಾಟನ್ನು ನೇರವಾಗಿ ಬ್ಯಾಟರಿಯ ಧನ ತುದಿಯಿಂದ ಐಸಿಯ ಡಿಸ್ಚಾರ್ಜ್ ಕಾಲಿಗೆ ಜೋಡಿಸಿದ್ದರೆ, ಪೂರ್ತಿ ತಿರುಗಿಸಿದಾಗ ರೋಧ ಸೊನ್ನೆಗಿಳಿದು ಐಸಿಯ ಒಳಗಿನ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಕಾಳಜಿಯಿಂದ ಮಾಡಿದ ಕಿಟ್‌ನಲ್ಲಿ ಪಾಟಿನ ಜೊತೆ ಸಣ್ಣದೊಂದು ಖಾಯಂ ರೆಸಿಸ್ಟರ್ ಇರುತ್ತದೆ, ಐಸಿಗೆ ಸಾಕೆಟ್ ಇರುತ್ತದೆ. ಕೊಳ್ಳುವ ಮುನ್ನ ನಾನು ನೋಡುವುದು ಇವೆರಡನ್ನು. ಬಣ್ಣದ ಪೆಟ್ಟಿಗೆಯನ್ನಲ್ಲ.

ಇನ್ನು ನಾದ. 555 ಎಂಬ ಟೈಮರನ್ನು ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ವಿನ್ಯಾಸ ಮಾಡಿದ್ದು ಸಂಗೀತಕ್ಕಲ್ಲ. ಇಲ್ಲಿ ಮೊದಲ ಟೈಮರು ತನ್ನ ಪಾಡಿಗೆ ಬಡಿಯುತ್ತಿರುತ್ತದೆ. ಪ್ರತಿ ಬಡಿತಕ್ಕೂ ಎರಡನೆಯದು ಎಚ್ಚೆತ್ತು, ಇಷ್ಟು ಹೊತ್ತು ಎಂದು ಗೊತ್ತುಮಾಡಿದಷ್ಟು ಕಾಲ ‘ಆನ್’ ಆಗಿದ್ದು ಮತ್ತೆ ಆರುತ್ತದೆ. ಆನ್ ಇರುವಾಗ ಬಂದ ಬಡಿತ ಅದಕ್ಕೆ ಕೇಳಿಸುವುದಿಲ್ಲ. ಎರಡನೆಯ ಪಾಟ್ ತಿರುಗಿಸಿ ಆ ಕಾಲವನ್ನು ಹಿಗ್ಗಿಸುತ್ತ ಹೋದರೆ ಮೊದಲು ಸ್ವರ ಬದಲಾಗುವುದಿಲ್ಲ, ನಾದದ ಮೈ ಮಾತ್ರ ದಪ್ಪಗಾಗುತ್ತದೆ. ಒಂದು ಹಂತ ದಾಟಿದ ಕೂಡಲೇ ಎರಡು ಬಡಿತಕ್ಕೊಮ್ಮೆ ಏಳಲು ತೊಡಗಿ ಸ್ವರ ಧೊಪ್ಪನೆ ಅರ್ಧಕ್ಕೆ ಬೀಳುತ್ತದೆ. ಆಮೇಲೆ ಮೂರರಲ್ಲೊಂದು, ನಾಲ್ಕರಲ್ಲೊಂದು, ಐದರಲ್ಲೊಂದು.

ಮೂಲ ಸ್ವರವನ್ನು ತಾರ ಷಡ್ಜವೆಂದು ಹಿಡಿದು ಈ ಮೆಟ್ಟಿಲುಗಳನ್ನು ಇಳಿದು ನೋಡಬೇಕು. ಅರ್ಧಕ್ಕೆ ಇಳಿದರೆ ಮಧ್ಯ ಷಡ್ಜ. ಮೂರನೇ ಒಂದಕ್ಕೆ ಮಂದ್ರದ ಶುದ್ಧ ಮಧ್ಯಮ, ನಾಲ್ಕನೇ ಒಂದಕ್ಕೆ ಮಂದ್ರ ಷಡ್ಜ. ಐದರಲ್ಲಿ ಶುದ್ಧ ಧೈವತ, ಆರರಲ್ಲಿ ಮತ್ತೆ ಮಧ್ಯಮ. ಏಳರಲ್ಲಿ ಚತುಶ್ರುತಿ ರಿಷಭಕ್ಕೂ ಸಾಧಾರಣ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲುವ, ನಮ್ಮಲ್ಲಿ ಹೆಸರಿಲ್ಲದ ಸ್ವರ. ಎಷ್ಟೇ ಇಳಿದರೂ ಪಂಚಮ ಸಿಗುವುದೇ ಇಲ್ಲ. ಶ್ರುತಿ ಸೇರಿದ ತಂಬೂರಿಯ ಷಡ್ಜದ ತಂತಿಯೊಳಗೆ ಪಂಚಮವೂ ಅಂತರ ಗಾಂಧಾರವೂ ತಾವಾಗಿ ಮೇಲೆದ್ದು ಬರುತ್ತವಲ್ಲ, ಇದು ಅದರ ತಲೆಕೆಳಗು. ಅಲ್ಲಿ ಗುಣಾಕಾರ, ಇಲ್ಲಿ ಭಾಗಾಕಾರ. (ಮೂರನೆಯ ಮೆಟ್ಟಿಲನ್ನೇ ಷಡ್ಜ ಮಾಡಿಕೊಂಡರೆ ಎರಡನೆಯದು ಪಂಚಮವಾಗುತ್ತದೆ ಎಂದು ಗ್ರಹಭೇದ ಬಲ್ಲವರು ಆಕ್ಷೇಪಿಸಬಹುದು. ಒಪ್ಪಿದೆ.) ತಂಬೂರಿಯಲ್ಲಿ ಎಲ್ಲ ಸ್ವರಗಳೂ ಒಟ್ಟಿಗೆ ಕೇಳುತ್ತವೆ, ಇಲ್ಲಿ ಒಂದು ಬಾರಿಗೆ ಒಂದೇ.

ಮೊದಲ ಪಾಟನ್ನು ತಿರುಗಿಸಿದರೆ ಆಟ ಬೇರೆ. ಸ್ವರ ಜಾರುತ್ತ ಏರುತ್ತದೆ, ಇನ್ನೇನು ಮುಟ್ಟಿತು ಅನ್ನುವಾಗ ಒಂದು ಮೆಟ್ಟಿಲು ಕೆಳಗೆ ಕುಸಿದು ಮತ್ತೆ ಏರತೊಡಗುತ್ತದೆ. ಎರಡೂ ಕೈ ಕೂಡಿಸಿದರೆ ಯಾವ ಸ್ವರವನ್ನೂ ಬೇಕೆಂದಾಗ ಹಿಡಿಯಲಾಗದು, ಆದರೆ ಯಾವ ಸ್ವರವೂ ಮೆಟ್ಟಿಲು ಬಿಟ್ಟು ಅತ್ತಿತ್ತ ಹೋಗದು. ನನ್ನ ಮೆಚ್ಚುಗೆಯೆಲ್ಲ ಈ ವಿಚಿತ್ರ ಶಿಸ್ತಿಗೆ. ಬ್ಯಾಟರಿ ಸೊರಗಿದರೂ ಸ್ವರ ಅಷ್ಟಾಗಿ ಕದಲುವುದಿಲ್ಲ, ಏಕೆಂದರೆ ಟೈಮರಿನ ಅಳತೆಗೋಲು ಬ್ಯಾಟರಿಯ ವೋಲ್ಟೇಜಿನ ಮೂರನೇ ಒಂದು ಮತ್ತು ಮೂರನೇ ಎರಡು ಭಾಗ. ವೋಲ್ಟೇಜು ಇಳಿದರೆ ಗೋಲೂ ಜೊತೆಗೇ ಇಳಿಯುತ್ತದೆ. ಸ್ಪೀಕರಿನ ಬಗ್ಗೆ ಮಾತ್ರ ಒಳ್ಳೆಯ ಮಾತಿಲ್ಲ. ಮಂದ್ರಕ್ಕಿಳಿದಾಗ ಅದು ಸ್ವರದ ಬದಲು ಗೊರಗೊರ ಅನ್ನುತ್ತದೆ.

ಹೆಸರಿನಲ್ಲಿರುವ ಅಟಾರಿ ಇಲ್ಲಿ ಸಾರ್ಥಕ. 1977ರ ಅಟಾರಿ 2600 ಆಟದ ಯಂತ್ರವೂ ಸುಮಾರು 30 ಸಾವಿರ ಹರ್ಟ್ಸ್‌ನ ಬಡಿತವನ್ನು 1ರಿಂದ 32ರವರೆಗಿನ ಪೂರ್ಣಸಂಖ್ಯೆಗಳಿಂದ ಭಾಗಿಸಿಯೇ ಸ್ವರ ಹುಟ್ಟಿಸುತ್ತಿತ್ತು. ಇದೇ ಭಾಗಾಕಾರದ ಮೇಲೆ ಜರ್ಮನಿಯ ಆಸ್ಕರ್ ಸಾಲಾ ತಮ್ಮ ಮಿಕ್ಸ್‌ಟರ್ ಟ್ರೌಟೋನಿಯಂ ಕಟ್ಟಿದರು. ಹಿಚ್‌ಕಾಕ್‌ನ 1963ರ ‘ದಿ ಬರ್ಡ್ಸ್’ ಚಿತ್ರದಲ್ಲಿ ಹಕ್ಕಿಗಳ ಕಿರುಚಾಟ ಬಂದದ್ದು ಆ ವಾದ್ಯದಿಂದ. 2020ರಲ್ಲಿ ಮೂಗ್ ಕಂಪನಿ ಸಬ್‌ಹಾರ್ಮೋನಿಕಾನ್ ಎಂಬ ದುಬಾರಿ ಯಂತ್ರವನ್ನೂ ಈ ತತ್ವದ ಮೇಲೆಯೇ ತಂದಿತು. ಬೆಂಗಳೂರಿನ ರಾಡೆಲ್‌ನ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ಸನ್ನು ಶ್ರುತಿಗೆ ಒಗ್ಗಿಸಿ ತಂಬೂರಿ ಮಾಡಿದರು. ಮಿಮ್ಸ್ ಅವರ ಸರ್ಕ್ಯೂಟಿಗೆ ಹಾಗೆ ಒಗ್ಗುವ ಹಂಗಿಲ್ಲ.

ಕಿಟ್ ಮಾರುವವರ ಮೇಲಿನ ನನ್ನ ಸಿಟ್ಟು ಇಲ್ಲೇ ಇದೆ. ಸೂಚನಾ ಹಾಳೆಯಲ್ಲಿ ಐರನ್ ಹಿಡಿಯುವ ಚಿತ್ರಗಳಿಗೆ ಧಾರಾಳ ಜಾಗ, ಮೆಟ್ಟಿಲುಗಳು ಏಕೆ ಹುಟ್ಟುತ್ತವೆ ಎಂಬುದಕ್ಕೆ ಒಂದು ಸಾಲೂ ಇಲ್ಲ. ನಿಕೊಲಾಸ್ ಕಾಲಿನ್ಸ್ 2006ರಲ್ಲಿ ಬರೆದ ‘ಹ್ಯಾಂಡ್‌ಮೇಡ್ ಎಲೆಕ್ಟ್ರಾನಿಕ್ ಮ್ಯೂಸಿಕ್’ ಪುಸ್ತಕ ಓದುಗನನ್ನು ಭಾಗಗಳನ್ನು ಬದಲಿಸಿ ಕೇಳುವುದಕ್ಕೇ ಹಚ್ಚುತ್ತದೆ. ಕಿಟ್ ಎಲ್ಲವನ್ನೂ ಬೆಸೆದು ಮುಚ್ಚಿಸುತ್ತದೆ. ಆದ್ದರಿಂದ ಕೊಳ್ಳುವವರಿಗೆ ಒಂದು ಸಲಹೆ: ಉಳಿದದ್ದನ್ನೆಲ್ಲ ಬೆಸೆಯಿರಿ, ಎರಡನೆಯ ಟೈಮರಿನ ಕೆಪಾಸಿಟರನ್ನು ಬಿಡಿ. ಅದರ ಜಾಗಕ್ಕೆ ಎರಡು ತೂತಿನ ಸಾಕೆಟ್ ಹಾಕಿ 0.1 ಮೈಕ್ರೊಫ್ಯಾರಡ್‌ನದನ್ನು ತೆಗೆದು 1ರದ್ದನ್ನು ಸಿಕ್ಕಿಸಿದರೆ, ಪಾಟ್ ತಿರುಗಿಸುತ್ತ ಹೋದಂತೆ ಸ್ವರ ಬಿಡಿಬಿಡಿ ಬಡಿತವಾಗಿ, ಕೊನೆಗೆ ಸೆಕೆಂಡಿಗೆ ಎರಡರ ಆಸುಪಾಸಿನ ಲಯಕ್ಕೆ ಬಂದು ನಿಲ್ಲುತ್ತದೆ.