ಹಿಮ್ಮೇಳದಿಂದ ಬಂದ ದನಿ

ರಾಮನಗರ ಎಂದೊಡನೆ ನಮ್ಮವರಿಗೆ ನೆನಪಾಗುವುದು ‘ಶೋಲೆ’ಯ ಬಂಡೆಗಳು. ನಾನು ಹೇಳುತ್ತಿರುವುದು ಕಾಶಿಯ ಎದುರು ದಂಡೆಯ ರಾಮನಗರ. ಪ್ರಾಜೆಕ್ಟ್ ಕೆಲಸಕ್ಕೆ ಬಂದು ಇಲ್ಲೇ ಬಾಡಿಗೆ ಮನೆ ಹಿಡಿದಿದ್ದೇನೆ. ಇಲ್ಲಿನ ರಾಮಲೀಲೆ ಒಂದು ತಿಂಗಳು ನಡೆಯುತ್ತದೆ. ಮೈಕಿಲ್ಲ, ವಿದ್ಯುದ್ದೀಪವಿಲ್ಲ. ರಾಮಾಯಣಿಗಳೆಂಬ ಗಂಡಸರ ಮೇಳ ನೆಲದ ಮೇಲೆ ಕೂತು ತುಳಸೀದಾಸರ ಮಾನಸವನ್ನು ಹಾಡುತ್ತದೆ. ಅದರೊಳಗಿಂದ ಒಂದು ದನಿಯನ್ನಾದರೂ ಬಿಡಿಸಿ ಕೇಳಲು ನೋಡಿದೆ, ಆಗಲಿಲ್ಲ.

ವಾಪಸ್ ಬರುವಾಗ ಆಟೋದವನು ‘ದಬಂಗ್’ನ ಮುನ್ನಿ ಹಾಡು ಹಾಕಿದ್ದ. ಆ ಚಿತ್ರ 2011ರಲ್ಲಿ ತಮಿಳಿಗೆ ‘ಒಸ್ತಿ’ಯಾಗಿ ಹೋದಾಗ, ಅಲ್ಲಿನ ಕುಣಿತದ ಹಾಡಿಗೆ ದನಿ ಕೊಟ್ಟವರಲ್ಲಿ ಎಲ್.ಆರ್. ಈಶ್ವರಿಯೂ ಒಬ್ಬರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಅವರು ಹಾಡಲು ಕಲಿತದ್ದೂ ಮೇಳದಲ್ಲೇ ಎಂಬುದು ನೆನಪಾಯಿತು.

ಈಶ್ವರಿಯವರ ತಾಯಿ ಮದರಾಸಿನ ಸಿನಿಮಾ ಸ್ಟುಡಿಯೋಗಳಲ್ಲಿ ಕೋರಸ್ ಹಾಡುತ್ತಿದ್ದವರು. ಮಗಳು ಜೊತೆಗೆ ಹೋಗಿ ಅದೇ ಸಾಲಿನಲ್ಲಿ ನಿಂತರು. ಹುಟ್ಟು ಹೆಸರು ಲೂರ್ದ್ ಮೇರಿ ರಾಜೇಶ್ವರಿ. ಚಿತ್ರರಂಗದಲ್ಲಿ ಆಗಲೇ ಒಬ್ಬ ರಾಜೇಶ್ವರಿ ಇದ್ದುದರಿಂದ ಇವರ ಹೆಸರಿನ ಅರ್ಧ ಕತ್ತರಿಸಿಹೋಯಿತು. ದೊಡ್ಡ ಹೆಸರು ಬಂದದ್ದು 1961ರ ‘ಪಾಶಮಲರ್’ ಚಿತ್ರದಿಂದ. ಮದುಮಗಳನ್ನು ಗೆಳತಿಯರು ಕರೆದೊಯ್ಯುವ ಹಾಡು ಅದು. ನಮ್ಮ ಸೋಬಾನೆಯಂತೆ ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಎತ್ತಿಕೊಟ್ಟ ದನಿ ಈಶ್ವರಿಯವರದು. ಗೆದ್ದ ಹಾಡಿನಲ್ಲೂ ಅವರು ನಾಯಕಿಯ ದನಿಯಲ್ಲ, ಗೆಳತಿಯ ದನಿ.

ಆಮೇಲೆ ಅವರಿಗೆ ಹಚ್ಚಿದ ಚೀಟಿ ‘ಕ್ಲಬ್ ಹಾಡಿನ ಗಾಯಕಿ’. ನಾಯಕಿಗೆ ಸುಶೀಲಾ ಅಥವಾ ಜಾನಕಿ, ಕುಣಿಯುವವಳಿಗೆ ಈಶ್ವರಿ. ಕನ್ನಡದಲ್ಲೂ ನಾವು ‘ಪರೋಪಕಾರಿ’ಯ (1970) ಮಾದಕ ದನಿಯನ್ನೇ ನೆನೆಯುತ್ತೇವೆ. ಈ ಚೀಟಿಯ ಬಗ್ಗೆ ನನಗೆ ತಕರಾರಿದೆ. ಸಲೀಲ್ ಚೌಧರಿ ಸಂಗೀತದ ‘ಸಂಶಯ ಫಲ’ದ (1971) ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿ. ಅಲ್ಲಿರುವುದು ತುಂಟತನ, ಮಾದಕತೆಯಲ್ಲ. ದನಿ ಎಲ್ಲೂ ವಾದ್ಯಗಳ ಮೇಲೆ ಬೀಳುವುದಿಲ್ಲ, ಅವುಗಳ ನಡುವೆ ಜಾಗ ಹುಡುಕಿಕೊಂಡು ಓಡಾಡುತ್ತದೆ. ಪಕ್ಕದವಳ ಉಸಿರು ಕೇಳಿಸಿಕೊಂಡು ಹಾಡಿ ರೂಢಿಯಾದವರಿಗೆ ಮಾತ್ರ ಬರುವ ಗುಣ ಇದು. ಕ್ರೈಸ್ತ ಮನೆಯ ಈ ಹೆಣ್ಣುಮಗಳು ಹಾಡಿದ ಮಾರಿಯಮ್ಮನ ಭಕ್ತಿಗೀತೆಗಳು ತಮಿಳರ ಜಾತ್ರೆಗಳಲ್ಲಿ ಇಂದಿಗೂ ಮೊಳಗುತ್ತವೆ. ಕ್ಲಬ್ಬಿಗೂ ಗುಡಿಗೂ ಒಗ್ಗಿದ್ದು ಒಂದೇ ದನಿ. ಚೀಟಿ ಹಚ್ಚಿದವರ ಕಿವಿ ಅಷ್ಟು ಅಗಲವಿರಲಿಲ್ಲ.

ಅರವತ್ತರ ದಶಕದ ಅಮೆರಿಕದಲ್ಲಿ ಹುಡುಗಿಯರ ಗಾಯನ ತಂಡಗಳದೇ ದರ್ಬಾರು. ಅಲ್ಲಿನ ಡಾರ್ಲೀನ್ ಲವ್ ಕಥೆ ಇದಕ್ಕಿಂತ ಕಹಿ. ಅವರು ‘ದಿ ಬ್ಲಾಸಮ್ಸ್’ ತಂಡದವರು. 1962ರಲ್ಲಿ ಅವರು ಹಾಡಿದ ಹಾಡೊಂದು ಪಟ್ಟಿಯ ಮೊದಲ ಸ್ಥಾನಕ್ಕೇರಿತು, ಆದರೆ ರೆಕಾರ್ಡಿನ ಮೇಲಿದ್ದದ್ದು ‘ದಿ ಕ್ರಿಸ್ಟಲ್ಸ್’ ಎಂಬ ಇನ್ನೊಂದು ತಂಡದ ಹೆಸರು. ನಿರ್ಮಾಪಕ ಫಿಲ್ ಸ್ಪೆಕ್ಟರ್‌ಗೆ ಬೇಕಿದ್ದದ್ದು ದನಿ ಮಾತ್ರ. ಆಕೆಯನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2011ರಲ್ಲಿ, ಈಶ್ವರಿಯವರು ‘ಒಸ್ತಿ’ಗೆ ಹಾಡಿದ ವರ್ಷವೇ.

ರಾಮಾಯಣಿಗಳ ಮೇಳದಲ್ಲಿ ಹೆಸರಿಲ್ಲದಿರುವುದು ಭಕ್ತಿಯ ಭಾಗ, ಅವರಾಗಿಯೇ ಒಪ್ಪಿಕೊಂಡದ್ದು. ಸ್ಟುಡಿಯೋದಲ್ಲಿ ಹೆಸರಿಲ್ಲದಿರುವುದು ಬೇರೆಯವರ ಲೆಕ್ಕಾಚಾರ. ಎರಡೂ ಕಿವಿಗೆ ಒಂದೇ ಥರ ಕೇಳಿಸುತ್ತವೆ, ತೊಂದರೆ ಇರುವುದೇ ಅಲ್ಲಿ.

ಇದನ್ನು ಬರೆಯುವಾಗ ನನ್ನ ಕೈಯೂ ಶುದ್ಧವಿಲ್ಲ. ಕಳೆದ ತಿಂಗಳು ಗ್ರಾಹಕರ ಮುಂದೆ ತೋರಿಸಿದ ಸ್ಲೈಡಿನಲ್ಲಿ, ಮೂರು ರಾತ್ರಿ ನಿದ್ದೆಗೆಟ್ಟು ದೋಷ ಹುಡುಕಿದ ಹುಡುಗಿಯ ಹೆಸರಿರಬೇಕಾದಲ್ಲಿ ‘ತಂಡ’ ಎಂದು ಬರೆದಿದ್ದೆ. ಅವಳು ಏನೂ ಹೇಳಲಿಲ್ಲ. ‘ಚೆನ್ನಾಗಿತ್ತು ಸರ್’ ಎಂದಳು. ಆ ಸ್ಲೈಡನ್ನು ತಿದ್ದಿ, ಅವಳ ಹೆಸರು ಹಾಕಿ, ಎಲ್ಲರಿಗೂ ಮತ್ತೆ ಕಳಿಸಿದ್ದೇನೆ. ತಡವಾಗಿ.