ಕಚ್ಚದ ಬಾಯಿಯ ಬೆಲೆ

ಹಕ್ಕಿ ಬೇಟೆಯ ನಾಯಿಯನ್ನು ಅದರ ಮೂಗಿನಿಂದ ಅಳೆಯುವುದು ರೂಢಿ. ನಾನು ಅದರ ಬಾಯಿಯನ್ನು ನೋಡಿ ಅಳೆಯುತ್ತೇನೆ. ಮೂಗು ಹುಟ್ಟಿನಿಂದ ಬಂದದ್ದು. ಸಿಕ್ಕ ಹಕ್ಕಿಯನ್ನು ಹಲ್ಲು ಊರದೆ ಎತ್ತಿ, ನೀರು ಮುಳ್ಳು ದಾಟಿ ತಂದು, ಒಡೆಯನ ಅಂಗೈಯಲ್ಲಿ ಬಿಟ್ಟುಕೊಡುವುದಕ್ಕೆ ಮಾತ್ರ ತಲೆಮಾರುಗಳ ಸಾಕಣೆ ಬೇಕು, ದಿನದಿನದ ಅಭ್ಯಾಸ ಬೇಕು. ಹಸಿವು, ಉದ್ವೇಗ, ರಕ್ತದ ವಾಸನೆ ಎಲ್ಲವೂ ಕಚ್ಚು ಎನ್ನುತ್ತಿರುವಾಗ ಕಚ್ಚದೆ ಉಳಿಯುವ ಬಾಯಿ ಅದು.

ನಾರಾಯಣಗೂಡದ ಸರ್ಕಾರಿ ಪಶು ಆಸ್ಪತ್ರೆಯ ಮುಂದೆ ಹಾದುಹೋಗುವಾಗಲೆಲ್ಲ ಈ ಬಾಯಿಯ ನೆನಪಾಗುತ್ತದೆ. ಅಲ್ಲಿಗೆ ಬರುವ ಲ್ಯಾಬ್ರಡಾರ್, ಸ್ಪ್ಯಾನಿಯಲ್‌ಗಳು ಹೈದರಾಬಾದಿನ ಫ್ಲ್ಯಾಟುಗಳಲ್ಲಿ ಬೆಳೆದವು. ಲ್ಯಾಬ್ರಡಾರಿನ ಪೂರ್ವಿಕರು ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರೊಂದಿಗೆ ಕೊರೆಯುವ ನೀರಿನಲ್ಲಿ ದುಡಿದವರು. ಸ್ಪ್ಯಾನಿಯಲ್ ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸಲೆಂದೇ ರೂಪುಗೊಂಡ ತಳಿ. ಚೆಂಡನ್ನೋ ಚಪ್ಪಲಿಯನ್ನೋ ತಂದು ಮಡಿಲಿಗೆ ಹಾಕುವ ಅವುಗಳ ಚಟ ಹಕ್ಕಿ ಬೇಟೆಯ ವಿದ್ಯೆಯಲ್ಲಿ ಉಳಿದ ಕೊನೆಯ ಪಾಠ. ಆ ವಿದ್ಯೆಯ ಬೆಲೆ ಏನಾಗಿತ್ತು, ಕನ್ನಡ ಬರಹ ಅದನ್ನು ಎಷ್ಟು ಕಂಡಿತು ಎಂಬುದನ್ನು ನೋಡಬೇಕು.

ಕನ್ನಡಕ್ಕೆ ನಾಯಿಯ ನೆನಪು ಬಹಳ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 949ರದು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಬೇಕಾದ್ದನ್ನು ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಬೇಟೆಯಲ್ಲಿ ಆ ಕಾಳಿ ದೊಡ್ಡ ಹಂದಿಯೊಂದನ್ನು ಎದುರಿಸಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ನಾಯಿಗೆ ಇಂಥ ಗೌರವ ಕೊಟ್ಟ ನಾಡಿನ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಆ ಕಲ್ಲು ಹೊಗಳಿದ್ದು ಹಿಡಿದ ಪಟ್ಟು ಬಿಡದ ಬಾಯಿಯನ್ನು.

ಹಕ್ಕಿಯ ಬೇಟೆ ಬೇರೆಯವರ ಪಾಲಾಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ನಾಯಿಗಳ ವಿನೋದಕ್ಕೆ ಒಂದು ಪ್ರಕರಣ, ಡೇಗೆಗಳ ವಿನೋದಕ್ಕೆ ಇನ್ನೊಂದು. ನೆಲದ ಮೃಗಕ್ಕೆ ನಾಯಿ, ಆಕಾಶದ ಹಕ್ಕಿಗೆ ಡೇಗೆ. ಅವನ ರಾಜಧಾನಿ ಇಂದಿನ ಬಸವಕಲ್ಯಾಣ, ಮುಂದೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ ನೆಲ. ನಮ್ಮ ಹೆಮ್ಮೆಯ ಮುಧೋಳ ನಾಯಿ ಕೂಡ ಕಣ್ಣಿನಿಂದ ಬೇಟೆಯಾಡುವ ಜಾತಿ. ಬಯಲಿನಲ್ಲಿ ಮೊಲ ಎದ್ದರೆ ಅದರ ಓಟಕ್ಕೆ ಸಾಟಿಯಿಲ್ಲ. ಹುಲ್ಲಿನಲ್ಲಿ ಅಡಗಿ ಕೂತ ಗೌಜಲಹಕ್ಕಿಯನ್ನು ಮೂಸಿ ಹುಡುಕಿ, ಕೋವಿಯವನಿಗಾಗಿ ಕಾಯುವುದು ಅದರ ಕಸುಬಲ್ಲ.

ಹಕ್ಕಿ ನಾಯಿಗೆ ಮುಖ್ಯವಾಗಿ ನಾಲ್ಕು ಕೆಲಸ. ಮೊದಲನೆಯದು ಹುಡುಕುವುದು: ಎದುರುಗಾಳಿಗೆ ಮುಖಮಾಡಿ, ಎಡಕ್ಕೂ ಬಲಕ್ಕೂ ಹೆಣೆಯುವಂತೆ ಸುತ್ತಿ, ಕೋವಿಯ ಅಳತೆ ಮೀರದೆ ಮುಂದೆ ಸಾಗಬೇಕು. ಚರೆಯ ಈಡು ಚೆನ್ನಾಗಿ ತಾಗುವುದು ಮೂವತ್ತೈದು ನಲವತ್ತು ಗಜದೊಳಗೆ. ನೂರು ಗಜ ಮುಂದೆ ಓಡಿ ಹಕ್ಕಿ ಎಬ್ಬಿಸುವ ನಾಯಿ ದಿನವನ್ನೇ ಕೆಡಿಸುತ್ತದೆ. ಅಂಥ ನಾಯಿಗಿಂತ ನಾಯಿಯಿಲ್ಲದ ಬೇಟೆಯೇ ಮೇಲು. ಎರಡನೆಯದು ಎಬ್ಬಿಸುವುದು, ಇಲ್ಲವೇ ಪಾಯಿಂಟರ್, ಸೆಟರ್ ಜಾತಿಯದಾದರೆ ಹಕ್ಕಿಯಿರುವ ಕಡೆ ಮುಖಮಾಡಿ ಕಲ್ಲಾಗಿ ನಿಲ್ಲುವುದು. ಮೂರನೆಯದು ಈಡು ಹಾರಿದಾಗ ಕದಲದೆ ಕೂತು, ಹಕ್ಕಿ ಬಿದ್ದ ಜಾಗವನ್ನು ಕಣ್ಣಲ್ಲೇ ಗುರುತಿಟ್ಟುಕೊಳ್ಳುವುದು. ಕೊನೆಯದು ಹುಡುಕಿ ತರುವುದು.

ನಾಯಿಯ ನಿಜವಾದ ಬೆಲೆ ಇರುವುದು ಈ ನಾಲ್ಕನೆಯ ಕೆಲಸದಲ್ಲಿ. ಚರೆ ತಗುಲಿದ ಹಕ್ಕಿಯೆಲ್ಲ ಸತ್ತು ಬೀಳುವುದಿಲ್ಲ. ರೆಕ್ಕೆ ಮುರಿದ ಗೌಜಲ ನೆಲ ಮುಟ್ಟಿದ್ದೇ ಓಡುತ್ತದೆ, ಕಳ್ಳಿಬೇಲಿಯ ಬುಡ ಸೇರುತ್ತದೆ. ಗಾಯಗೊಂಡ ಬಾತು ಜೊಂಡಿನೊಳಗೆ ನುಸುಳಿ ಕೊಕ್ಕಿನ ತುದಿ ಮಾತ್ರ ಮೇಲಿಟ್ಟು ಕೂರುತ್ತದೆ. ಬಿದ್ದ ಜಾಗದಲ್ಲಿ ಮನುಷ್ಯನ ಕಣ್ಣಿಗೆ ಕಾಣುವುದು ನಾಲ್ಕು ಪುಕ್ಕ. ನಾಯಿಯಿಲ್ಲದವನು ಹತ್ತು ನಿಮಿಷ ಹುಡುಕಿ, ಬೇರೆ ಹಕ್ಕಿಯ ಹಿಂದೆ ಹೋಗುತ್ತಾನೆ. ಹಿಂದೆ ಉಳಿದದ್ದು ಆ ರಾತ್ರಿಯೋ ಮಾರನೆಯ ದಿನವೋ ನರಳಿ ಸಾಯುತ್ತದೆ, ನರಿಗೋ ಮುಂಗುಸಿಗೋ ಸಿಗುತ್ತದೆ. ಒಳ್ಳೆಯ ನಾಯಿ ಆ ಒಂದೇ ಹಕ್ಕಿಯ ಜಾಡನ್ನು, ಸುತ್ತ ಇರುವ ಗಾಯವಿಲ್ಲದ ಹಕ್ಕಿಗಳ ವಾಸನೆಯಿಂದ ಬೇರ್ಪಡಿಸಿ ಹಿಡಿದು ಹೋಗುತ್ತದೆ. ನಾಯಿಯ ಗುಣದ ಬಗ್ಗೆ ಮಾತಾಡುವವರು ಚೀಲ ತುಂಬಿದ ಲೆಕ್ಕ ಹೇಳುತ್ತಾರೆ. ನಾನು ಹೇಳುವುದು ನರಳಾಟ ತಪ್ಪಿದ ಲೆಕ್ಕ. ಕೊಲ್ಲುವ ಕೆಲಸದಲ್ಲಿ ಕೊಂಚವಾದರೂ ಹೊಣೆಯನ್ನು ತಂದಿದ್ದು ಕೋವಿಯಲ್ಲ, ನಾಯಿ.

ಇಂಥ ನಾಯಿ ಕನ್ನಡ ಸಾಹಿತ್ಯದಲ್ಲಿ ಮನೆಮಾತಾದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕಿವಿ’ ಎಂಬ ನಾಯಿಯಿಂದ. ಅದಕ್ಕೂ ಮುಂಚೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ನಾಯಿಗುತ್ತಿಯ ನಾಯಿ ಹುಲಿಯ ಇತ್ತು. ಹುಲಿಯ ಒಂದು ಮಹಾಪಾತ್ರ. ಯಜಮಾನನ ನೆರಳಾಗಿ ಬದುಕಿ, ಕೊನೆಗೆ ತುಂಗೆಯ ನೆರೆಗೆ ಸಿಕ್ಕಿ ಹೋಗುವ ಅದರ ಕಥೆಯಲ್ಲಿ ಆತಕೂರಿನ ಕಾಳಿಯ ಎತ್ತರವಿದೆ. ಓದುಗ ಅತ್ತೇ ಅಳುತ್ತಾನೆ. ಕಿವಿ ನಮ್ಮನ್ನು ಹಾಗೆ ಅಳಿಸುವುದಕ್ಕೆ ಬಂದದ್ದಲ್ಲ. ಅದು ಸ್ಪ್ಯಾನಿಯಲ್, ಮೂಡಿಗೆರೆಯ ತೋಟದ ಮನೆಯ ಸದಸ್ಯ. ‘ಕರ್ವಾಲೋ’ (1980) ಕಾದಂಬರಿಯಲ್ಲಿ ಮಂದಣ್ಣ, ಪ್ಯಾರ, ಕರಿಯಪ್ಪನವರ ಜೊತೆ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಡುವ ತಂಡದಲ್ಲಿ ಅದಕ್ಕೂ ಜಾಗವಿದೆ. ‘ಪರಿಸರದ ಕತೆ’ಯಲ್ಲಿ ಶಿಕಾರಿಯ ಜೊತೆಗಾರನಾಗಿ ಓಡಾಡುತ್ತದೆ.

ತೇಜಸ್ವಿ ಕಿವಿಯನ್ನು ಸಂಕೇತ ಮಾಡಲಿಲ್ಲ. ಅದು ನಿಷ್ಠೆಯ ಪ್ರತಿಮೆಯಾಗಲಿಲ್ಲ, ನೀತಿ ಹೇಳಲಿಲ್ಲ. ನಾಯಿಯ ಬುದ್ಧಿ, ನಾಯಿಯ ಆಸೆ, ನಾಯಿಯ ಅವಿವೇಕ ಇಟ್ಟುಕೊಂಡೇ ಅದು ಮನುಷ್ಯನಿಗೆ ನಿಲುಕದ ಒಂದು ಜಗತ್ತನ್ನು ಬಲ್ಲ ಜೀವಿಯಾಗಿ ಬಂತು. ಅವರ ಬರಹದ ದೊಡ್ಡ ಗುಣವೆಂದರೆ ಬಲ್ಲವರನ್ನು ಗುರುತಿಸುವುದು. ಜೇನಿನ ವಿಷಯದಲ್ಲಿ ಮಂದಣ್ಣನಿಗೆ ಕೊಟ್ಟ ಮರ್ಯಾದೆಯನ್ನೇ ವಾಸನೆಯ ವಿಷಯದಲ್ಲಿ ಅವರು ನಾಯಿಗೆ ಕೊಟ್ಟರು ಎಂದು ನನಗೆ ಅನ್ನಿಸುತ್ತದೆ. ಕರ್ವಾಲೋ ಬಗೆಗಿನ ಚರ್ಚೆಗಳು ಹಾರುವ ಓತಿ, ವಿಕಾಸವಾದ, ಕಾಲ ಇವುಗಳ ಸುತ್ತಲೇ ಹೆಚ್ಚಾಗಿ ನಡೆದಿವೆ. ಮುಂದೆ ಮುಂದೆ ಓಡಿದ ಆ ಸಣ್ಣ ಪ್ರಾಣಿಗೆ ನಮ್ಮ ವಿಮರ್ಶೆ ಇನ್ನೂ ಸಲ್ಲಬೇಕಾದಷ್ಟು ಗಮನ ಸಲ್ಲಿಸಿಲ್ಲ.

ಇದಕ್ಕೆ ಭಾಷೆಯೂ ಒಂದು ಕಾರಣ. ಹಳು ನುಗ್ಗು, ಸೋವು, ತಡೆ ಕೂರು: ಮಲೆನಾಡಿನ ಬೇಟೆಯ ಮಾತುಗಳೆಲ್ಲ ಹಂದಿ, ಮಿಗಗಳ ಸುತ್ತ ಬೆಳೆದವು. ಬಿದ್ದ ಹಕ್ಕಿಯನ್ನು ತಂದೊಪ್ಪಿಸುವ ಕೆಲಸಕ್ಕೆ ನಮ್ಮಲ್ಲಿ ಒಂದೇ ಪದದ ಹೆಸರಿಲ್ಲ, ಒಂದು ವಾಕ್ಯವನ್ನೇ ಕಟ್ಟಬೇಕು. ಹೆಸರಿಲ್ಲದ ಗುಣ ಕಣ್ಣಿಗೆ ಬೀಳುವುದು ನಿಧಾನ. ಹೈದರಾಬಾದಿನಲ್ಲಿ ತೆಲುಗಿನವರು ಕೌಜು ಪಿಟ್ಟ ಎಂದಾಗ ನನ್ನ ಕಿವಿಗೆ ಗೌಜಲವೇ ಕೇಳಿಸುತ್ತದೆ. ಹಕ್ಕಿಯ ಹೆಸರು ಗಡಿ ದಾಟಿ ಬಂದಷ್ಟು ಸುಲಭವಾಗಿ ಅದನ್ನು ಹುಡುಕಿ ತಂದ ನಾಯಿಯ ಕೆಲಸದ ಹೆಸರು ಬರಲಿಲ್ಲ.

ಈ ಬೇಟೆಯನ್ನೇ ಮತ್ತೆ ತರಬೇಕೆ? ಬೇಡ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಸಾಲಿಂ ಅಲಿ ಅವರು 1931-32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ವಿಜ್ಞಾನಕ್ಕೂ ಹಕ್ಕಿಯನ್ನು ಹೊಡೆದು ಕೈಗೆತ್ತಿಕೊಳ್ಳದೆ ದಾರಿಯಿರಲಿಲ್ಲ. ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಪರವಾನಗಿಯ ಬೇಟೆಗೆ ಸ್ವಲ್ಪ ಎಡೆ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ‘ಪರಿಸರದ ಕತೆ’ ಪ್ರಕಟವಾದದ್ದೂ ಅದೇ 1991ರಲ್ಲಿ. ಹೀಗಾಗಿ ಆ ಪುಸ್ತಕ ಮುಚ್ಚುತ್ತಿದ್ದ ಬಾಗಿಲಿನ ಬಳಿ ನಿಂತು ಹೇಳಿದ ಕತೆಯಂತೆ ಇಂದು ಓದಿಸಿಕೊಳ್ಳುತ್ತದೆ. ತೇಜಸ್ವಿ ಅವರೇ ಕೋವಿ ಬಿಟ್ಟು ಕ್ಯಾಮೆರಾ ಹಿಡಿದು, ಗಂಟೆಗಟ್ಟಲೆ ಹಕ್ಕಿಗಾಗಿ ಕಾದು ಕೂತರು. ಆ ಕಾಯುವಿಕೆ, ಆ ಕದಲದ ಕೂರುವಿಕೆ ಒಳ್ಳೆಯ ಬೇಟೆನಾಯಿಯ ಗುಣವೇ.

ಬೇಟೆ ನಿಂತರೂ ಆ ಮೂಗಿಗೆ ಕೆಲಸ ತಪ್ಪಿಲ್ಲ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ರಾಣಾ ಎಂಬ ಜರ್ಮನ್ ಶೆಫರ್ಡ್ ಕಳ್ಳಬೇಟೆಯವರ ಜಾಡು ಹಿಡಿದು ಹೆಸರು ಮಾಡಿತು. ಕೊಲ್ಲಲು ಕಲಿಸಿದ ವಿದ್ಯೆಯನ್ನು ಕಾಯಲು ತಿರುಗಿಸಿದ್ದು ನಮ್ಮ ಕಾಲದ ಒಳ್ಳೆಯ ಕೆಲಸಗಳಲ್ಲಿ ಒಂದು. ನಾರಾಯಣಗೂಡದ ಮೂರನೆಯ ಮಹಡಿಯಲ್ಲಿ ಸ್ಪ್ಯಾನಿಯಲ್ ಸಾಕಿದವರಿಗೂ ನನ್ನದೊಂದು ಕೋರಿಕೆ. ಅದಕ್ಕೆ ದಿನಕ್ಕೆ ಅರ್ಧ ಗಂಟೆ ಹುಡುಕುವ ಆಟ ಕೊಡಿ. ಹಳೆಯ ಬಟ್ಟೆಯ ತುಂಡನ್ನು ಅಡಗಿಸಿಟ್ಟು ತರಲು ಹೇಳಿ. ಸೋಫಾ ಹರಿಯುವ ನಾಯಿಗಳಲ್ಲಿ ಎಷ್ಟೋ ಕೆಟ್ಟವಲ್ಲ, ಕೆಲಸವಿಲ್ಲದವು.

‘ಕರ್ವಾಲೋ’ದ ಕೊನೆಯಲ್ಲಿ ಹಾರುವ ಓತಿ ಯಾರ ಕೈಗೂ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಹುಡುಕಿದವರೆಲ್ಲ ಬರಿಗೈಯಲ್ಲಿ ನಿಲ್ಲುತ್ತಾರೆ, ಆದರೂ ಯಾರೂ ಸೋತವರಂತೆ ಕಾಣುವುದಿಲ್ಲ. ಒಳ್ಳೆಯ ಹಕ್ಕಿನಾಯಿ ಇದನ್ನು ಮೊದಲೇ ಬಲ್ಲದು. ಸಿಕ್ಕಿದ್ದು ತನ್ನದಲ್ಲವೆಂದು ತಿಳಿದೂ ಅದು ಮನಸಾರೆ ಹುಡುಕುತ್ತದೆ. ಸಿಕ್ಕಾಗ ಹಲ್ಲೂರದೆ ತಂದು ಬಿಟ್ಟುಕೊಟ್ಟು, ಮತ್ತೆ ಪೊದೆಯ ಕಡೆ ತಿರುಗುತ್ತದೆ.